ಹಾರ್ತಿನಿಯ ಹಿತ್ತಲ ಗೋಡೆ

ಕಾರಾಂಗ್‌ಸೋಕೊ
3 ಮಾರ್ಚ್ 2019

ಪ್ರೀತಿಯ ರುವಿ,

ಅಕ್ಕನಿಂದ ಕಾಗದ ಬಂತೆಂದು ಗಾಬರಿಯಾಗಬೇಡ. ಯಾರೂ ಸತ್ತಿಲ್ಲ. ಫೋನು ಮಾರಿದೆ, ಅಷ್ಟೇ. ಜೊತೆಗೆ ಕೆಲಸ ಮಾಡುತ್ತಿದ್ದ ಮರ್ಫುವಾಳ ಫೋನಿನಲ್ಲಿ ಮಾತಾಡೋಣವೆಂದರೆ ಅವಳ ಅತ್ತೆ, ನಾದಿನಿ, ಕೊನೆಗೆ ಅವರ ಮನೆಯ ಬೆಕ್ಕು ಕೂಡ ಕಿವಿ ನೆಟ್ಟು ಕೂತಿರುತ್ತದೆ. ಪಕ್ಕದ ಮನೆಯ ಶ್ರೀಯ ತಂಗಿ ಮುಂದಿನ ವಾರ ತೈವಾನಿಗೆ ವಾಪಸಾಗುತ್ತಿದ್ದಾಳೆ, ಅವಳ ಕೈಯಲ್ಲಿ ಇದನ್ನು ಕೊಡುತ್ತೇನೆ.

ಸಿಗರೇಟು ಕಾರ್ಖಾನೆಯ ಆರೋಗ್ಯ ಕಾರ್ಡು ಮುಗಿಯಿತು. ಕೆಲಸದಿಂದ ತೆಗೆದ ಮೇಲೂ ಆರು ತಿಂಗಳು ನಡೆಯುತ್ತದೆ ಎಂದಿದ್ದರು. ಆರು ತಿಂಗಳೇ ನಡೆಯಿತು, ಒಂದು ದಿನ ಹೆಚ್ಚಿಲ್ಲ. ಉಳಿದ ಯಾವ ಮಾತನ್ನೂ ಅವರು ಇಷ್ಟು ಚೆನ್ನಾಗಿ ಉಳಿಸಿಕೊಂಡದ್ದು ನನಗೆ ನೆನಪಿಲ್ಲ. ಇನ್ನು ಮೇಲೆ ಡಯಾಲಿಸಿಸ್‌ಗೆ ಪ್ರತಿ ಸಲವೂ ಕೈಯಿಂದ ದುಡ್ಡು ಕೊಡಬೇಕು. ಫೋನು ಮಾರಿದ ಹಣ ಒಂದು ಸಲಕ್ಕೆ ಆಯಿತು. ವಾರಕ್ಕೆ ಎರಡು ಸಲ ಹೋಗಬೇಕು, ಮಾರಲು ಮನೆಯಲ್ಲಿ ಅಷ್ಟು ಫೋನುಗಳಿಲ್ಲ.

ಬಡವರ ಪಟ್ಟಿಯಲ್ಲಿ ಹೆಸರು ಸೇರಿದರೆ ಕಾರ್ಡನ್ನು ಸರ್ಕಾರವೇ ಕೊಡುತ್ತದೆ, ಜೊತೆಗೆ ತಿಂಗಳ ಅಕ್ಕಿ. ಅದಕ್ಕೇ ಊರ ಕಚೇರಿಗೆ ಹೋಗಿ ಹೆಸರು ಕೊಟ್ಟು ಬಂದೆ. ಮನೆ ನೋಡಲು ಒಬ್ಬ ಹುಡುಗ ಬಂದ. ತ್ರಿಯೋನೊ ಎಂದು ಹೆಸರು, ಕಚೇರಿಗೆ ಹೊಸಬ, ಕೂದಲಿಗೆ ಚೆನ್ನಾಗಿ ಎಣ್ಣೆ ಹಚ್ಚಿದ್ದ, ಅಮ್ಮಾ ಎನ್ನುವ ಹಾಗೆ ಮಾತುಮಾತಿಗೂ ಬು ಎನ್ನುತ್ತಿದ್ದ. ಬಾಗಿಲಲ್ಲಿ ಚಪ್ಪಲಿ ಬಿಟ್ಟು ಒಳಗೆ ಕಾಲಿಟ್ಟವನು ಅಲ್ಲೇ ನಿಂತು ನೆಲ ನೋಡಿದ.

"ಬು, ಇದು ಟೈಲ್ಸ್ ಅಲ್ವಾ?"

"ಹೌದಪ್ಪ, ಟೈಲ್ಸೇ."

"ಟೈಲ್ಸ್ ಇದ್ರೆ ಬಡವರ ಲೆಕ್ಕಕ್ಕೆ ಬರಲ್ಲ ಬು. ನೆಲ ಮಣ್ಣಿಂದು ಆಗಿರಬೇಕು."

"ನೆಲಕ್ಕೆ ಕಾಯಿಲೆ ಇಲ್ಲ ಕಣಪ್ಪ. ನನಗಿದೆ."

ಅವನು ನಗಲಿಲ್ಲ. ನೆಲದ ಫೋಟೊ ತೆಗೆದುಕೊಂಡ. ನನ್ನ ಫೋಟೊ ತೆಗೆಯಲಿಲ್ಲ. ಊದಿದ ಕಾಲು ತೋರಿಸಿದೆ, ತೋಳಲ್ಲಿ ಸೂಜಿ ಚುಚ್ಚಿ ಚುಚ್ಚಿ ಗಂಟುಗಟ್ಟಿದ ಜಾಗ ತೋರಿಸಿದೆ. "ಅದು ಆಸ್ಪತ್ರೆಯವರ ವಿಷಯ ಬು, ನಮ್ಮದು ಮನೆ ವಿಷಯ" ಎಂದು ಚಪ್ಪಲಿ ಮೆಟ್ಟಿಕೊಂಡು ಹೊರಟ.

ಅಮ್ಮ ತೀರಿಹೋದ ಸಾವಿರನೆಯ ದಿನದ ಪ್ರಾರ್ಥನೆಗೆ ಬಂದ ಜನ ಮಣ್ಣಿನಲ್ಲಿ ಕೂರಬಾರದೆಂದು ನೀನು ಮೊದಲ ವರ್ಷದ ಸಂಬಳದಲ್ಲಿ ಹಾಕಿಸಿದ ಟೈಲ್ಸ್ ಅದು. ಆವತ್ತು ಇಡೀ ಗಲ್ಲಿ ಕೈಯಾಡಿಸಿ ನೋಡಿ ಹೊಗಳಿತ್ತು. ನಾನೂ ಬೀಗಿದ್ದೆ, ಸುಳ್ಳೇಕೆ ಹೇಳಲಿ.

ನೀನು ದುಡ್ಡು ಕಳಿಸಲು ಹೋಗಬೇಡ. ಅಲ್ಲಿಗೆ ಕಳಿಸಿದ ಏಜೆಂಟನ ಸಾಲ ನಿನ್ನ ತಲೆಯ ಮೇಲಿದೆ ಎಂದು ಗೊತ್ತು. ಸುಮ್ಮನೆ ಹೇಳಿಕೊಳ್ಳಬೇಕು ಅನ್ನಿಸಿತು.

ನಿನ್ನ ಅಕ್ಕ,
ಸುಲಾಮಿ


ತೈಚುಂಗ್
24 ಮಾರ್ಚ್ 2019

ಅಕ್ಕಾ,

ನಿನ್ನ ಕಾಗದವನ್ನು ಅಡುಗೆಮನೆಯಲ್ಲಿ ನಿಂತು ಓದಿದೆ. ಗಂಜಿ ತಳ ಹಿಡಿಯಿತು. ಅಜ್ಜ ಬೈದರು, ಬೈಯಲಿ ಬಿಡು.

ಒಡೆಸಿಬಿಡು. ನಾಳೆಯೇ ನಮ್ಮ ಗಲ್ಲಿಯ ಕಾರ್ಮಿಜಾನ್ ಅಣ್ಣನನ್ನು ಕರೆದು ಟೈಲ್ಸ್ ಪೂರ್ತಿ ಕಿತ್ತುಹಾಕಿಸು. ಮಣ್ಣು ನೋಡಬೇಕಂತೆ ಅವರಿಗೆ, ಹೊಟ್ಟೆ ತುಂಬ ನೋಡಲಿ. ನಾನು ದುಡಿದು ಹಾಕಿಸಿದ್ದು, ಕೀಳಲು ನಾನೇ ಹೇಳುತ್ತಿದ್ದೇನೆ, ನಿನಗೆ ಸಂಕಟವೇನೂ ಬೇಡ. ಅಮ್ಮ ಮೇಲಿಂದ ಏನೂ ಅಂದುಕೊಳ್ಳುವುದಿಲ್ಲ. ಅವಳಿಗೆ ಟೈಲ್ಸ್ ಮೇಲೆ ಕೂತವರಿಗಿಂತ ನೀನು ಬದುಕುವುದು ಮುಖ್ಯ.

ಊರ ಮುಖ್ಯಸ್ಥರ ನಾದಿನಿ ಹಾರ್ತಿನಿ ಬಡವರ ಅಕ್ಕಿ ತೆಗೆದುಕೊಂಡು ಹೋಗುವುದನ್ನು ನಾನೇ ಕಣ್ಣಾರೆ ಕಂಡಿದ್ದೇನೆ. ಎರಡು ಅಂತಸ್ತಿನ ಮನೆ, ಮುಂದೆ ಕಾರು. ಆ ಮನೆಯ ನೆಲದಲ್ಲಿ ಮುಖ ನೋಡಿಕೊಂಡು ತಲೆ ಬಾಚಬಹುದು. ಅವಳ ಮನೆಯ ನೆಲದ ಫೋಟೊ ಯಾರು ತೆಗೆದರು? ತ್ರಿಯೋನೊ ಅಲ್ಲಿ ಕಣ್ಣು ಮುಚ್ಚಿಕೊಂಡು ಹೋಗಿ ಬಂದನೇ?

ಇಲ್ಲಿ ನಾನು ನೋಡಿಕೊಳ್ಳುವ ಅಜ್ಜನಿಗೆ ವ್ಯಾಯಾಮ ಮಾಡಿಸಲು ಗಾಡಿ ಬಂದು ಕರೆದೊಯ್ಯುತ್ತದೆ. ಮನೆಗೇ ಒಬ್ಬಳು ನರ್ಸು ಬಂದು ರಕ್ತ ತೆಗೆದುಕೊಂಡು ಹೋಗುತ್ತಾಳೆ. ಇವರ ಮನೆಯ ನೆಲ ಕಲ್ಲಿನದು. ಇವತ್ತಿನವರೆಗೆ ಯಾರೂ ಕೆಳಗೆ ಬಗ್ಗಿ ನೋಡಿದ್ದಿಲ್ಲ. ಅಜ್ಜನನ್ನು ಗಾಡಿಗೆ ಹತ್ತಿಸುವಾಗ ನಿನ್ನ ಕಾಲು ಕಣ್ಣ ಮುಂದೆ ಬರುತ್ತದೆ.

ಇದರ ಜೊತೆ ಸ್ವಲ್ಪ ದುಡ್ಡಿದೆ. ಬೇಡ ಎಂದು ಬರೆಯಬೇಡ, ಜಗಳವಾಗುತ್ತದೆ. ಒಂದು ಮಾತಿಗೆ ಮಾತ್ರ ನೇರವಾಗಿ ಉತ್ತರ ಬರೆ. ವಾರಕ್ಕೆ ಎರಡು ಸಲ ಹೋಗುತ್ತಿದ್ದೀಯಾ ಇಲ್ಲವಾ?

ನಿನ್ನ ರುವಿ


ಕಾರಾಂಗ್‌ಸೋಕೊ
21 ಏಪ್ರಿಲ್ 2019

ರುವಿ,

ದುಡ್ಡು ತಲುಪಿತು. ಬೈಯುವುದಿಲ್ಲ. ಮುಂದಿನ ಸಲವೂ ಕಳಿಸಿದರೆ ಬೈಯುತ್ತೇನೆ.

ಟೈಲ್ಸ್ ಒಡೆಸುವುದಿಲ್ಲ. ಇದನ್ನು ನೀನು ಹೇಳಿದ್ದಕ್ಕೆ ನಿನ್ನ ಮೇಲೆ ಸಿಟ್ಟಿಲ್ಲ, ಹೇಳುವ ಹಾಗೆ ಮಾಡಿದವರ ಮೇಲಿದೆ. ಅವರಿಗೆ ತೋರಿಸಲಿಕ್ಕೆಂದು ಇದ್ದ ಮನೆಯನ್ನು ಹಾಳು ಮಾಡಿಕೊಂಡು ಕೂರಬೇಕೇ? ಟೈಲ್ಸ್ ಇರುವುದು ಮುಂದಿನ ಕೋಣೆಗೆ ಮಾತ್ರ. ಅಡುಗೆಮನೆಯ ನೆಲ ಇವತ್ತಿಗೂ ಮಣ್ಣು, ಮಳೆ ಬಂದರೆ ಒಲೆಯ ಬುಡದಲ್ಲಿ ಕಪ್ಪೆ. ಆ ಹುಡುಗ ಇನ್ನೊಂದು ಬಾಗಿಲು ದಾಟಿದ್ದರೆ ಅವನಿಗೆ ಬೇಕಾದ ಮಣ್ಣು ಸಿಗುತ್ತಿತ್ತು. ಇದನ್ನೇ ಹೇಳಲು ಕಚೇರಿಗೆ ಹೋದೆ. ಬೆಂಚಿನ ಮೇಲೆ ಕೂರಿಸಿದರು. ಊಟದ ಹೊತ್ತು ಕಳೆಯಿತು. ಕೊನೆಗೆ ತ್ರಿಯೋನೊ ಬಂದು, "ಅಡುಗೆಮನೆ ಇರಲಿ ಬು, ಈಗ ಕೋಟಾನೇ ಇಲ್ಲ. ನಮ್ಮೂರಿಗೆ ಇಷ್ಟೇ ಬಡವರು ಅಂತ ಮೇಲಿಂದ ಬಂದಿದೆ" ಎಂದ.

"ಹಾಗಾದ್ರೆ ನಾನು ಯಾವ ಊರಿನ ಬಡವಳಾಗಬೇಕು, ಹೇಳು, ಅಲ್ಲಿಗೆ ಹೋಗ್ತೀನಿ."

"ತಮಾಷೆ ಮಾಡ್ಬೇಡಿ ಬು."

ತಮಾಷೆ ಮಾಡುತ್ತಿದ್ದವರು ಯಾರೋ.

ಈ ತಿಂಗಳು ಇನ್ನೊಂದು ಹೊಸ ವಿಷಯ ಬಂದಿದೆ. ನೆರವು ಪಡೆಯುವ ಪ್ರತಿ ಮನೆಯ ಮುಂದಿನ ಗೋಡೆಗೂ ಕಪ್ಪು ಬಣ್ಣದಲ್ಲಿ "ಬಡ ಕುಟುಂಬ, ಸರ್ಕಾರದ ನೆರವು ಪಡೆಯುವ ಮನೆ" ಎಂದು ಬರೆಯಬೇಕಂತೆ. ಅಳಿಸಿದರೆ ಹೆಸರು ರದ್ದು. ತಗಡಿನಲ್ಲಿ ಅಕ್ಷರ ಕೊರೆದು ಕಳಿಸಿದ್ದಾರೆ. ಬಳಿಯುವ ಕೆಲಸ ನಮ್ಮ ಗಲ್ಲಿಯ ಮುಖಂಡ ಕಾರ್ಮಿಜಾನನ ಪಾಲಿಗೆ ಬಿತ್ತು. ಪಾಪ, ಸಂಜೆ ಕಡ್ಡಿಗೆ ಚುಚ್ಚಿದ ಮಾಂಸದ ಸಾತೆ ಸುಟ್ಟು ಮಾರುವವನು, ಹಗಲೆಲ್ಲ ಬಣ್ಣದ ಡಬ್ಬ ಹಿಡಿದು ನೆರೆಹೊರೆಯವರ ಮುಖ ನೋಡಲಾರದೆ ತಿರುಗಿದ. ಹಾರ್ತಿನಿಯ ಮನೆಗೂ ಹೋಗಿದ್ದ. ಅವಳು ಕಾಫಿ ಕೊಟ್ಟು, ಮುಂದಿನ ಗೋಡೆಗೆ ಹೊಸ ಪೇಂಟ್ ಆಗಿದೆ, ಹಿತ್ತಲಲ್ಲಿ ಬಳಿ ಎಂದಳಂತೆ. ಬಾವಿಯ ಹಿಂದೆ, ಬಟ್ಟೆ ಒಣಗುವ ತಂತಿಯ ಕೆಳಗೆ ಬಳಿದು ಬಂದ. ಆ ಮನೆ ಬಡವರದೆಂದು ಅವಳ ಕೋಳಿಗಳಿಗೆ ಮಾತ್ರ ಗೊತ್ತು.

ಸಮಿನಾಹ್ ಅಜ್ಜಿಗೆ ಹಿತ್ತಲ ಭಾಗ್ಯ ಇರಲಿಲ್ಲ. ನಮ್ಮ ಗಲ್ಲಿಯ ಕೊನೆಯ ಮನೆಯ ಅಜ್ಜಿಯೇ, ನಿನಗೆ ಚಿಕ್ಕವಳಿದ್ದಾಗ ಹುಣಸೆ ಮಿಠಾಯಿ ಕೊಡುತ್ತಿದ್ದವಳು. ಮೊಮ್ಮಗಳನ್ನು ಕೇಳಲು ಜೆಪಾರಾ ಕಡೆಯಿಂದ ಗಂಡಿನವರು ಬರುವವರಿದ್ದಾರೆ. ಬಂದವರು ಬಾಗಿಲಲ್ಲೇ ಆ ಅಕ್ಷರ ಓದಿದರೆ ಹುಡುಗಿಯ ಗತಿ ಏನು ಎಂದು ಅಜ್ಜಿ ಪಟ್ಟಿಯಿಂದ ತನ್ನ ಹೆಸರನ್ನೇ ಬಿಟ್ಟುಕೊಟ್ಟು ಹೆಬ್ಬೆಟ್ಟು ಒತ್ತಿದಳು. ಈಗ ಮರಗೆಣಸು ಬೇಯಿಸಿಕೊಂಡು ತಿನ್ನುತ್ತಿದ್ದಾಳೆ.

ಮೊನ್ನೆ ಕಾರ್ಮಿಜಾನ್ ಬಂದ. ಕೂರು ಎಂದರೂ ಕೂರಲಿಲ್ಲ.

"ಒಂದು ಜಾಗ ಖಾಲಿಯಾಗಿದೆ ಅಕ್ಕ. ಈ ಸಲ ಅಡುಗೆಮನೆ ಫೋಟೊ ನಾನೇ ತೆಗೆದು ಕಳಿಸ್ತೀನಿ. ಆಗುತ್ತೆ."

"ಯಾರ ಜಾಗ?"

ಅವನು ಟೈಲ್ಸ್ ನೋಡುತ್ತ ನಿಂತ. ಈ ಟೈಲ್ಸನ್ನು ಎಲ್ಲರೂ ನೋಡುವವರೇ.

ಯೋಚನೆ ಮಾಡಿ ಹೇಳುತ್ತೇನೆ ಎಂದು ಕಳಿಸಿದೆ. ಯೋಚನೆ ಮಾಡುತ್ತಿದ್ದೇನೆ.

ಸುಲಾಮಿ


ತೈಚುಂಗ್
12 ಮೇ 2019

ಅಕ್ಕಾ,

ಇಷ್ಟುದ್ದ ಬರೆದೆ, ಗೋಡೆ ಬರೆದೆ, ಕೋಳಿ ಬರೆದೆ, ಕಪ್ಪೆ ಬರೆದೆ. ನಾನು ಕೇಳಿದ್ದನ್ನು ಮಾತ್ರ ಬರೆಯಲಿಲ್ಲ.

ಮರ್ಫುವಾ ಫೋನಿನಲ್ಲಿ ಎಲ್ಲ ಹೇಳಿದಳು. ಅವಳ ಮೇಲೆ ಹಾಯಬೇಡ. ಇಪ್ಪತ್ತು ವರ್ಷ ನಿನ್ನ ಎದುರಿಗೆ ಕೂತು, ನೀನು ಸುತ್ತಿದ ಸಿಗರೇಟಿನ ತುದಿ ಕತ್ತರಿಸಿದವಳು. ನಿನ್ನ ಮುಖ ಊದಿದ್ದು ಅವಳಿಗೆ ಕಾಣುವುದಿಲ್ಲವೇ? ರಾತ್ರಿ ಮಲಗಿದರೆ ಉಸಿರು ಕಟ್ಟುತ್ತದಂತೆ, ಗೋಡೆಗೆ ಒರಗಿ ಕೂತೇ ಬೆಳಗು ಮಾಡುತ್ತೀಯಂತೆ. ನಾನು ಕಳಿಸಿದ ದುಡ್ಡಿನಲ್ಲಿ ಎಷ್ಟು ಸಲ ಹೋದೆ ಎಂದು ಕೇಳಿದರೆ ಅವಳು ಫೋನಿನಲ್ಲಿ ಅತ್ತಳು. ಅವಳು ಅಳುವ ಪೈಕಿ ಅಲ್ಲ.

ನೀನು ಯೋಚನೆ ಮಾಡುವುದು ಸಾಕು. ಅಜ್ಜಿಯ ಜಾಗವಾದರೆ ಅಜ್ಜಿಯ ಜಾಗ. ತೆಗೆದುಕೋ. ಅಜ್ಜಿಗೆ ಗೆಣಸಾದರೂ ಇದೆ, ನಿನಗೆ ಯಾವ ಗೆಣಸು ರಕ್ತ ತೊಳೆದು ಕೊಡುತ್ತದೆ? ನಾನು ಕೆಟ್ಟವಳ ಹಾಗೆ ಮಾತಾಡುತ್ತಿದ್ದೇನೆ, ಗೊತ್ತು. ಉಪವಾಸದ ತಿಂಗಳಲ್ಲಿ ಇಂಥ ಮಾತು ಬರೆಯಬಾರದು, ಅದೂ ಗೊತ್ತು. ಅಪ್ಪ ಹೋದ ಮೇಲೆ ನೀನು ಶಾಲೆ ಬಿಟ್ಟು ಆ ಕಾರ್ಖಾನೆಯ ಬೆಂಚಿನ ಮೇಲೆ ಕೂತು ನನ್ನನ್ನು ಓದಿಸಿದೆ. ನನಗೆ ಇರುವುದು ನೀನೊಬ್ಬಳು. ನೀನು ನ್ಯಾಯವಂತಳಾಗಿ ಸತ್ತರೆ ಆ ನ್ಯಾಯ ಕಟ್ಟಿಕೊಂಡು ನಾನೇನು ಮಾಡಲಿ?

ಗೋಡೆಗೆ ಏನು ಬೇಕಾದರೂ ಬಳಿದುಕೊಳ್ಳಲಿ. ಹೂಂ ಅಂದುಬಿಡು.

ರುವಿ


ಕಾರಾಂಗ್‌ಸೋಕೊ
23 ಜೂನ್ 2019

ರುವಿ,

ಮೊದಲು ನೀನು ಕೇಳಿದ್ದಕ್ಕೆ ಉತ್ತರ. ಎರಡು ಸಲ ಹೋಗುತ್ತಿರಲಿಲ್ಲ. ವಾರಕ್ಕೊಮ್ಮೆ ಹೋದೆ, ಆಮೇಲೆ ಒಂದು ವಾರ ಅದೂ ಆಗಲಿಲ್ಲ. ನೀರು ಕುಡಿದರೆ ಊತ ಏರುತ್ತದೆಂದು, ಬಾಯಾರಿದರೆ ಮಂಜುಗಡ್ಡೆಯ ಚೂರು ಚೀಪಿಕೊಂಡು ಕೂತಿದ್ದೆ. ನಿನ್ನ ಕಾಗದ ಬಂದ ದಿನ ಎದ್ದು ನಿಲ್ಲಲು ಗೋಡೆ ಹಿಡಿಯಬೇಕಾಗಿತ್ತು. ನೀನು ಬರೆದದ್ದು ಕೆಟ್ಟ ಮಾತಲ್ಲ. ನಾನೂ ಹೂಂ ಅನ್ನಲು ತಯಾರಾಗಿಯೇ ಕೂತೆ.

ಆ ವಾರ ನಮ್ಮ ಹೆಂಗಸರ ಅರಿಸಾನ್ ಚೀಟಿ ಎತ್ತುವ ಸರದಿ ನಮ್ಮ ಮನೆಯಲ್ಲಿತ್ತು. ಕಾರ್ಖಾನೆಯವರೆಲ್ಲ ನಿನ್ನ ಟೈಲ್ಸ್ ಮೇಲೆ ಕೂತರು. ಅಜ್ಜಿಯ ಜಾಗ ನನಗೆ ಬರುತ್ತದೆ ಎಂದು ಹೇಳಿದೆ. ಮರ್ಫುವಾ ಎದ್ದು, "ಅಜ್ಜಿ ಜಾಗಕ್ಕೆ ಯಾಕೆ ಹೋಗ್ತೀಯೇ? ಕಾರು ನಿಲ್ಲಿಸಿಕೊಂಡಿರೋಳ ಜಾಗ ಕಣ್ಣಿಗೆ ಕಾಣ್ಸಲ್ವಾ? ಏಳ್ರೇ, ಹೋಗೋಣ" ಎಂದಳು. ಚೀಟಿ ಎತ್ತುವುದನ್ನೂ ಬಿಟ್ಟು ಎಲ್ಲರೂ ಎದ್ದರು. ನನ್ನನ್ನು ಗಾಡಿಯ ಹಿಂದೆ ಕೂರಿಸಿಕೊಂಡು ಊರ ಕಚೇರಿಗೆ ಹೋದರು.

ತ್ರಿಯೋನೊ ಅಷ್ಟು ಹೆಂಗಸರನ್ನು ಕಂಡು ಕುರ್ಚಿಯಿಂದ ಎದ್ದ.

"ಹಾರ್ತಿನಿ ಮನೆಗೆ ಹಿತ್ತಲ ಗೋಡೆ ಯಾಕಪ್ಪ?" ಎಂದು ಕೇಳಿದೆ.

"ಮುಂದಿನ ಗೋಡೆಗೆ ಈದ್‌ಗೆ ಅಂತ ಪೇಂಟ್ ಮಾಡಿಸಿದ್ರಂತೆ ಬು."

"ಸರಿ. ಹಾಗಾದ್ರೆ ಸಮಿನಾಹ್ ಅಜ್ಜಿ ಮನೆಗೂ ಹಿತ್ತಲಲ್ಲೇ ಬಳೀರಿ. ಅವರ ಹೆಸರು ವಾಪಸ್ ಹಾಕು."

"ಅವರ ಹಿತ್ತಲಿಗೆ ಗೋಡೆ ಎಲ್ಲಿದೆ ಬು? ಬರೀ ಬಿದಿರ ತಟ್ಟಿ."

"ಓಹೋ. ಗೋಡೆ ಇಲ್ಲದೋರಿಗೆ ಬಡವರು ಅನ್ನಿಸಿಕೊಳ್ಳೋಕೆ ಜಾಗ ಇಲ್ಲ. ಗೋಡೆ ಜಾಸ್ತಿ ಇರೋರು ಯಾವುದು ಬೇಕೋ ಆರಿಸಿಕೊಳ್ಳಬಹುದು. ಇದನ್ನೂ ಮೇಲಿಂದ ಬರೆದು ಕಳಿಸಿದಾರಾ?"

"ನಿಯಮ ಮುಂದಿನ ಗೋಡೇನೇ ಬು," ಎಂದ, ದನಿ ತಗ್ಗಿಸಿ.

"ಅಷ್ಟೇ ಕೇಳಬೇಕಿತ್ತು," ಎಂದಳು ಮರ್ಫುವಾ.

ಕಾರ್ಮಿಜಾನನ ಮನೆಗೆ ಹೋಗಿ ತಗಡು, ಬಣ್ಣದ ಡಬ್ಬ, ಕಾರ್ಮಿಜಾನ್ ಮೂರನ್ನೂ ಎತ್ತಿಕೊಂಡು ಬಂದರು. ಹಾರ್ತಿನಿಯ ಗೇಟಿನ ಮುಂದೆ ನಿಂತೆವು. ಗೋಡೆ ಬೆಣ್ಣೆಯ ಬಣ್ಣಕ್ಕಿತ್ತು, ನಿಜಕ್ಕೂ ಚೆನ್ನಾಗಿತ್ತು. ಹಾರ್ತಿನಿ ತಲೆಯ ಮೇಲೆ ಬಟ್ಟೆ ಸರಿಮಾಡಿಕೊಳ್ಳುತ್ತ ಹೊರಗೆ ಬಂದಳು.

"ಏನಿದು ಸುಲಾಮಿ ಅಕ್ಕ? ಉಪವಾಸದ ದಿನ, ಬಾಗಿಲಿಗೆ ಜಗಳ ತಂದಿದೀರಲ್ಲ."

"ಜಗಳ ಅಲ್ಲಮ್ಮ, ಸರ್ಕಾರದ ಕೆಲಸ. ಬಡವರ ಮನೆ ಗೋಡೆ ಬಾಕಿ ಉಳಿದುಬಿಟ್ಟಿತ್ತು. ಕಾರ್ಮಿಜಾನ್, ಅಕ್ಷರ ಸೊಟ್ಟಗಾಗದ ಹಾಗೆ ಹಿಡಿ."

ಬೀದಿಯಲ್ಲಿ ಜನ ಸೇರಿದರು. ಅವಳು ಒಳಗೆ ಹೋಗಿ ಫೋನಿನಲ್ಲಿ ಯಾರ ಜೊತೆಗೋ ಮಾತಾಡಿದಳು. ಕಾರ್ಮಿಜಾನ್ ತಗಡನ್ನು ಗೋಡೆಗೆ ಒತ್ತಿ ಹಿಡಿದು ನಿಂತೇ ಇದ್ದ, ಬ್ರಷ್ ಅದ್ದಲಿಲ್ಲ. ನಾವೂ ಅವಸರ ಮಾಡಲಿಲ್ಲ. ಸಂಜೆ ಉಪವಾಸ ಬಿಡುವ ಹೊತ್ತಿಗೆ ಮುಂಚೆ ಹಾರ್ತಿನಿಯ ಗಂಡ ಬಂದು, ತಮಗೆ ಈ ನೆರವು ಬೇಡ, ಹೆಸರು ತೆಗೆಸುತ್ತೇವೆ ಎಂದ. ನಾಲ್ಕು ವರ್ಷ ತಿಂದ ಅಕ್ಕಿ ಆ ಒಂದು ಗೋಡೆಗೆ ಹೆದರಿ ಬೇಡವಾಯಿತು.

ಆ ಜಾಗಕ್ಕೆ ನನ್ನ ಹೆಸರು ಹೋಯಿತು. ಅಡುಗೆಮನೆಯ ಫೋಟೊ ಹೋಯಿತು. ನಮ್ಮ ಗೋಡೆಗೆ ಅಕ್ಷರ ಬಿತ್ತು. ಮುಂದಿನ ಗೋಡೆಗೇ, ಬಾಗಿಲ ಪಕ್ಕಕ್ಕೆ. ತಗಡನ್ನು ನಾನೇ ಹಿಡಿದೆ. ನಾಚಿಕೆಯಾಗಲಿಲ್ಲ ಎಂದರೆ ಸುಳ್ಳಾಗುತ್ತದೆ. ಆದರೂ ಹಿಡಿದೆ.

ಈದ್ ಕಳೆದ ಮೇಲೆ ಊರ ಸಭಾಂಗಣದಲ್ಲಿ ಎಲ್ಲರೂ ಎಲ್ಲರ ಕೈ ಹಿಡಿದು ತಪ್ಪು ಮನ್ನಿಸಿ ಎನ್ನುವ ಕೂಟವಾಯಿತು. ಅಲ್ಲಿ ಹಾರ್ತಿನಿಯನ್ನು ವೇದಿಕೆಗೆ ಕರೆದರು. ಬಡವರಿಗಾಗಿ ತಾನಾಗಿಯೇ ನೆರವು ಬಿಟ್ಟುಕೊಟ್ಟ ಉದಾರ ಕುಟುಂಬವಂತೆ. ಕಟ್ಟು ಹಾಕಿಸಿದ ಪ್ರಶಸ್ತಿ ಪತ್ರ, ಹೂವು, ಚಪ್ಪಾಳೆ. ನಾಲ್ಕು ವರ್ಷ ಹಸಿದವರ ಅಕ್ಕಿ ತಿಂದದ್ದಕ್ಕೆ ಹೂವು ಕೊಟ್ಟದ್ದನ್ನು ನಾನು ಮುಂದಿನ ಸಾಲಿನಲ್ಲಿ ಕೂತು ನೋಡಿದೆ. ನನ್ನನ್ನು ಮುಂದಿನ ಸಾಲಿನಲ್ಲಿ ಕೂರಿಸಿದ್ದು ಯಾಕೆಂದು ಆಮೇಲೆ ತಿಳಿಯಿತು. ತ್ರಿಯೋನೊ ಮೈಕು ತಂದು ಕೈಗೆ ಕೊಟ್ಟ.

"ಬು ಹಾರ್ತಿನಿಗೆ ಎರಡು ಮಾತು ಥ್ಯಾಂಕ್ಸ್ ಹೇಳಿ ಬು. ಫೋಟೊ ಮೇಲಕ್ಕೆ ಕಳಿಸಬೇಕು. ಸ್ವಲ್ಪ ನಗಿ."

ಮೈಕು ಹಿಡಿದು ಎದ್ದು ನಿಂತೆ.

"ಥ್ಯಾಂಕ್ಸ್ ಹೇಳು ಅಂತಾರೆ," ಎಂದೆ. "ಯಾವುದಕ್ಕೆ ಅಂತ ಗೊತ್ತಾಗ್ತಿಲ್ಲ. ಅಕ್ಕಿ ಹಾರ್ತಿನಿ ಗದ್ದೇಲಿ ಬೆಳೆದಿದ್ದಲ್ಲ, ಕಾರ್ಡು ಅವಳ ಮನೇಲಿ ಅಚ್ಚಾಗಿದ್ದಲ್ಲ. ಇಪ್ಪತ್ತಾರು ವರ್ಷ ಸಿಗರೇಟು ಸುತ್ತಿದೀನಿ. ನಾನು ಸುತ್ತಿದ ಒಂದೊಂದು ಪ್ಯಾಕಿನ ಮೇಲೂ ಸರ್ಕಾರದ ತೆರಿಗೆ ಚೀಟಿ ಅಂಟಿಸಿದಾರೆ. ಆವಾಗ ನನ್ನ ಕರೆದು ಯಾರೂ ಹೂವು ಕೊಡಲಿಲ್ಲ, ನಾನೂ ಕೇಳಲಿಲ್ಲ. ಇವತ್ತು ತಪ್ಪು ಒಪ್ಪಿಕೊಳ್ಳೋ ದಿನ. ಒಪ್ಪಿಕೊಳ್ಳಬೇಕಾದವರು ಮೇಲೆ ನಿಂತಿದಾರೆ. ಕೆಳಗಿಳಿದು ಬಂದ್ರೆ ಮನ್ನಿಸೋಣ."

ಯಾರೂ ಇಳಿಯಲಿಲ್ಲ. ತ್ರಿಯೋನೊ ಮೈಕನ್ನು ನನ್ನ ಕೈಯಿಂದ ಕಿತ್ತುಕೊಂಡ. ಹಿಂದಿನ ಸಾಲಿನಲ್ಲಿ ಕಾರ್ಖಾನೆಯ ಹೆಂಗಸರು ಚಪ್ಪಾಳೆ ಹೊಡೆದರು, ಹಾರ್ತಿನಿಗೆ ಬಿದ್ದದ್ದಕ್ಕಿಂತ ಜೋರಾಗಿಯೇ. ಊರ ಮುಖ್ಯಸ್ಥರು ಚಾವಣಿಯ ಫ್ಯಾನು ನೋಡುತ್ತ ಕೂತಿದ್ದರು.

ಜೆಪಾರಾದ ಗಂಡಿನವರೂ ಬಂದು ಹೋದರು. ಅಜ್ಜಿ ಸಾಲ ಮಾಡಿ ಕೋಳಿ ಬೇಯಿಸಿದ್ದಳು. ಊಟಕ್ಕೆ ಕೂತಾಗ ಹುಡುಗನ ತಾಯಿ, "ನಿಮ್ಮ ಮನೆ ಗೋಡೆಗೆ ಬರೆದಿಲ್ಲ, ಪುಣ್ಯವಂತರು. ನಮ್ಮನೆ ಗೋಡೆಗೆ ಬಾಗಿಲಷ್ಟು ದೊಡ್ಡದಾಗಿ ಬರೆದುಬಿಟ್ಟಿದಾರೆ ಅಜ್ಜಿ. ನೀವು ಬಂದು ನೋಡಿ ಬೇಡ ಅಂತೀರೇನೋ ಅಂತ ನಮಗೇ ಹೆದರಿಕೆ" ಎಂದಳಂತೆ. ಮದುವೆ ಗೊತ್ತಾಯಿತು. ಅಜ್ಜಿ ಅವತ್ತು ರಾತ್ರಿ ನಮ್ಮ ಮನೆಗೆ ಬಂದು ಟೈಲ್ಸ್ ಮೇಲೆ ಕೂತು ಬಹಳ ಹೊತ್ತು ನಕ್ಕಳು, ಆಮೇಲೆ ಅತ್ತಳು. ಯಾರಿಗೆ ಹೆದರಿ ಗೆಣಸು ತಿಂದಳೋ ಅವರೂ ಅಷ್ಟೇ ಹೆದರಿಕೊಂಡು ಬಂದಿದ್ದರು. ಬಣ್ಣದ ಡಬ್ಬ ಕಳಿಸಿದವರು ಮಾತ್ರ ಯಾರಿಗೂ ಹೆದರಿಲ್ಲ.

ಹೆಸರು ವಾಪಸ್ ಹಾಕಿ ಎಂದು ಅಜ್ಜಿ ಕೇಳಿದ್ದಕ್ಕೆ, ಒಮ್ಮೆ ಬಿಟ್ಟವರಿಗೆ ವರ್ಷ ಕಳೆಯುವ ತನಕ ಇಲ್ಲ ಎಂದರಂತೆ. ಅವಳ ಜಾಗ ಯಾರಿಗೆ ಹೋಯಿತು ಎಂದು ಕೇಳಿದರೆ ಹೇಳುವುದಿಲ್ಲ.

ಬುಧವಾರ ಹೊಸ ಕಾರ್ಡಿನಲ್ಲಿ ಡಯಾಲಿಸಿಸ್ ಮಾಡಿಸಿಕೊಂಡೆ. ಕಾಲಿನ ಊತ ಇಳಿದಿದೆ, ಮಲಗಿದರೆ ಉಸಿರಾಡಬಹುದು. ಗುರುವಾರ ಬೆಳಗ್ಗೆ ಎದ್ದು ಅಜ್ಜಿಯನ್ನು ಕರೆದುಕೊಂಡು ಕಚೇರಿಗೆ ಹೋದೆ. ಅದೇ ಬೆಂಚಿನ ಮೇಲೆ ಇಬ್ಬರೂ ಕೂತೆವು. ತ್ರಿಯೋನೊ ಬಾಗಿಲಿಗೆ ಬಂದು ನಿಂತ.

"ಮತ್ತೆ ನೀವಾ ಬು? ನಿಮ್ಮದು ಆಯ್ತಲ್ಲ."

"ನಂದಾಯ್ತಪ್ಪ," ಎಂದೆ. "ಇವರದ್ದು ಆಗೋವರೆಗೂ ಕೂತಿರ್ತೀವಿ. ನೀನು ನಿನ್ನ ಕೆಲಸ ನೋಡ್ಕೋ."

ಇವತ್ತು ಭಾನುವಾರ, ಕಚೇರಿಗೆ ರಜೆ. ನಾಳೆ ಮತ್ತೆ ಹೋಗುತ್ತೇವೆ.

ನಿನ್ನ ಅಕ್ಕ,
ಸುಲಾಮಿ